ಟೊಮ್ಯಾಟೊ, ಶೇಂಗಾ ಮತ್ತು ರಾಯಚೂರಿನ ಬಿಸಿಲು: ಒಂದು ಪ್ರಕರಣ ಅಧ್ಯಯನ

ಊಟದಿಂದ ಚರ್ಮವನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬಹುದೇ? ರಾಯಚೂರಿನಲ್ಲಿ ಆಹಾರ ತಜ್ಞೆಯಾಗಿರುವ ನನ್ನನ್ನು ಬೇಸಿಗೆ ಬಂತೆಂದರೆ ಜನ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಮುಖ ಕಪ್ಪಾಗುತ್ತದೆಂದು ಚಿಂತಿಸುವ ಕಾಲೇಜು ಹುಡುಗ ಹುಡುಗಿಯರು. ಅವರಿಗೆ ಹೇಳಬೇಕಾದ ಉತ್ತರ ಒಂದು. ಹೊಲದಲ್ಲಿ, ಕೆರೆಯಂಗಳದಲ್ಲಿ ದುಡಿದು ಅರೆಹೊಟ್ಟೆ ಉಣ್ಣುವವರಿಗೆ ಹೇಳಬೇಕಾದ ಉತ್ತರ ಇನ್ನೊಂದು. ಎರಡೂ ಒಂದೇ ಮನೆಯೊಳಗೆ ಎದುರಾದ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದವರು

ದೇವದುರ್ಗದ ಕಡೆಯ ಕೃಷಿ ಕಾರ್ಮಿಕ ಮಹಿಳೆ, ವಯಸ್ಸು ನಲವತ್ತರ ಆಸುಪಾಸು. ಚಳಿಗಾಲದಲ್ಲಿ ಹತ್ತಿ ಬಿಡಿಸುವುದು, ಅದಾದ ಮೇಲೆ ಮೆಣಸಿನಕಾಯಿ ಬಿಡಿಸುವುದು, ಹೊಲದ ಕೆಲಸ ಮುಗಿದ ಮೇಲೆ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ಹೊರುವುದು ಆಕೆಯ ವರ್ಷದ ಕ್ರಮ. ಏಪ್ರಿಲ್ ಕೊನೆಗೆ ಮಗಳ ಜೊತೆ ಆಸ್ಪತ್ರೆಗೆ ಬಂದರು. ಎರಡೂ ಕೈಗಳ ಹಿಂಬದಿ ಕಪ್ಪಗೆ, ದಪ್ಪಗೆ, ಒರಟಾಗಿ ಬಿರಿದಿತ್ತು. ಬೆರಳ ಗೆಣ್ಣುಗಳ ಮೇಲೆ ಚರ್ಮ ಪದರ ಪದರವಾಗಿ ಏಳುತ್ತಿತ್ತು. "ಬಿಸಿಲಿಗೆ ಸುಟ್ಟಿದೆ, ಹಚ್ಚಲು ಮುಲಾಮು ಕೊಡಿ" ಎಂದಷ್ಟೇ ಅವರು ಚರ್ಮರೋಗ ವೈದ್ಯರನ್ನು ಕೇಳಿದ್ದು.

ಮಗಳು ರಾಯಚೂರಿನಲ್ಲಿ ಪದವಿ ಓದುತ್ತಿರುವ ಹುಡುಗಿ. ಮೊಬೈಲಿನಲ್ಲಿ ನೋಡಿದ್ದನ್ನು ನಂಬಿ ಮೂರು ವಾರಗಳಿಂದ ಅವ್ವನಿಗೆ ತನಗೆ ತಿಳಿದ ಉಪಚಾರ ಮಾಡುತ್ತಿದ್ದಳು. ದಿನಕ್ಕೆ ಎರಡು ಹಸಿ ಟೊಮ್ಯಾಟೊ, ಒಂದು ಗಜ್ಜರಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕೈಗೆ ನಿಂಬೆರಸ. ಇದೆಲ್ಲ ಸಾಲದೆಂದು, ಗಜ್ಜರಿಗೆ ಬಣ್ಣ ಕೊಡುವ ವಸ್ತುವಾದ ಬೀಟಾ ಕ್ಯಾರೊಟಿನ್ ಕ್ಯಾಪ್ಸೂಲ್‌ಗಳ ಒಂದು ಡಬ್ಬಿಯನ್ನೂ ತರಿಸಿದ್ದಳು. ಓದಿನ ಖರ್ಚಿಗೆ ಕೂಡಿಟ್ಟಿದ್ದ ಹಣದಿಂದ ಅದನ್ನು ಕೊಂಡಿದ್ದಳು. ಆ ಕಾಳಜಿಯನ್ನು ನಾನು ಹಗುರವಾಗಿ ಕಾಣಲಾರೆ. ಕೈ ಮಾತ್ರ ದಿನದಿಂದ ದಿನಕ್ಕೆ ಹದಗೆಡುತ್ತಿತ್ತು.

ಕಂಡದ್ದು

ಸಾಮಾನ್ಯ ಬಿಸಿಲಿನ ಸುಡುವಿಕೆಗೆ ಅದರದೇ ನಡೆ ಇದೆ. ಬಿಸಿಲಿಗೆ ಮೈಯೊಡ್ಡಿದ ಕೆಲವು ಗಂಟೆಗಳಲ್ಲಿ ಚರ್ಮ ಕೆಂಪಾಗಿ ಉರಿಯತೊಡಗುತ್ತದೆ, ಒಂದು ದಿನದೊಳಗೆ ಉರಿ ಏರಿ ಆಮೇಲೆ ಇಳಿಯುತ್ತದೆ, ವಾರದೊಳಗೆ ಸಿಪ್ಪೆ ಸುಲಿದು ಹೊಸ ಚರ್ಮ ಬರುತ್ತದೆ. ಈಕೆಯ ಕೈ ಒಂದೂವರೆ ತಿಂಗಳಿನಿಂದ ಹಾಗೆಯೇ ಇತ್ತು. ವೈದ್ಯರು ಸೆರಗು ಸರಿಸಿ ಕುತ್ತಿಗೆ ನೋಡಿದರು. ಅಲ್ಲಿ ಕೊರಳನ್ನು ಸುತ್ತುವರಿದಂತೆ ಅದೇ ಕಪ್ಪು ಪಟ್ಟಿ. ಪಾದಗಳ ಮೇಲ್ಭಾಗದಲ್ಲೂ ಹಾಗೆಯೇ. ಚಪ್ಪಲಿಯ ಪಟ್ಟಿ ಮುಚ್ಚಿದ ಜಾಗ ಮಾತ್ರ ಚೆನ್ನಾಗಿತ್ತು. ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ, ಅಳತೆ ಹಿಡಿದಂತೆ. ಕೆಲಸಕ್ಕೆ ಹೋಗುವಾಗ ಅವರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾರೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳದು ಇದೇ ರೂಢಿ. ಅಂಗಿಯ ತೋಳು ಮುಗಿಯುವಲ್ಲಿಗೆ ಸರಿಯಾಗಿ ಕಪ್ಪು ಶುರುವಾಗಿತ್ತು.

ಆದ್ದರಿಂದ ಇದರಲ್ಲಿ ಬಿಸಿಲಿನ ಪಾತ್ರ ಇರುವುದು ಖಚಿತ. ಆದರೆ ಅದೇ ಕೆರೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಬಿಸಿಲಿನಲ್ಲಿ ಹೂಳು ಹೊತ್ತ ಉಳಿದ ಹೆಂಗಸರಿಗೆ ಹೀಗಾಗಿರಲಿಲ್ಲ. ಈ ಪ್ರಕರಣದ ಕೀಲಿ ಅಲ್ಲಿದೆ. ಎಲ್ಲರ ಮೇಲೂ ಬಿದ್ದ ಬಿಸಿಲನ್ನು ಈಕೆಯ ಚರ್ಮ ಮಾತ್ರ ಯಾಕೆ ತಾಳಲಿಲ್ಲ?

ವೈದ್ಯರು ಮೊದಲು ಪಾರ್ಥೇನಿಯಂ ಕಳೆಯ ಅಲರ್ಜಿಯೇ ಎಂದು ನೋಡಿದರು, ಏಕೆಂದರೆ ಈ ಭಾಗದ ಹೊಲ ಬದುಗಳಲ್ಲಿ ಆ ಕಾಂಗ್ರೆಸ್ ಗಿಡಕ್ಕೆ ಕೊರತೆಯಿಲ್ಲ. ಅದು ಗಾಳಿಯಲ್ಲಿ ಹರಡುವುದರಿಂದ ಕಣ್ಣುರೆಪ್ಪೆ, ಕಿವಿಯ ಹಿಂಭಾಗ, ಮೊಣಕೈಯ ಮಡಿಕೆಗಳಂಥ ಬಿಸಿಲು ತಾಗದ ಕಡೆಯೂ ಏಳುತ್ತದೆ, ವಿಪರೀತ ತುರಿಸುತ್ತದೆ. ಈಕೆಗೆ ಆ ಜಾಗಗಳು ಶುದ್ಧವಾಗಿದ್ದವು. ತುರಿಕೆಗಿಂತ ಉರಿಯೇ ಹೆಚ್ಚಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯ ರಕ್ತ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಬಿಸಿಲಿಗೆ ಚರ್ಮ ಕೆರಳುವಂತೆ ಮಾಡುವ ಡಾಕ್ಸಿಸೈಕ್ಲಿನ್, ಕೆಲವು ರಕ್ತದೊತ್ತಡದ ಮಾತ್ರೆಗಳಂಥ ಔಷಧಗಳ ಬಗ್ಗೆ ಕೇಳಿದಾಗ ಅವು ಯಾವುವೂ ಇಲ್ಲವೆಂದರು. ಆದರೆ ಬೇರೊಂದು ಮಾತ್ರೆಯ ಸುದ್ದಿ ಹೊರಬಂತು. ಗಂಡನಿಗೆ ಕ್ಷಯ ಬಂದು ಚಿಕಿತ್ಸೆ ನಡೆದಿತ್ತು. ಮನೆಯ ಉಳಿದವರಿಗೆ ರೋಗ ಬಾರದಿರಲೆಂದು ಮುನ್ನೆಚ್ಚರಿಕೆಯ ಐಸೋನಿಯಾಜಿಡ್ ಮಾತ್ರೆ ಕೊಟ್ಟಿದ್ದರು. ಅದರ ಜೊತೆಗೆ ಒಂದು ಸಣ್ಣ ಮಾತ್ರೆಯೂ ಇತ್ತು. "ಅದು ಬರೀ ಶಕ್ತಿಯ ಗುಳಿಗೆ ಎಂದು ಬಿಟ್ಟುಬಿಟ್ಟೆ" ಎಂದರು.

ಆ ಸಣ್ಣ ಮಾತ್ರೆ ಬಿ6 ಜೀವಸತ್ವ.

ಇನ್ನೂ ಎರಡು ಸಂಗತಿಗಳು ಕೇಳಿದ ಮೇಲೆಯೇ ತಿಳಿದವು. ಎರಡು ವಾರಗಳಿಂದ ಬಿಟ್ಟುಬಿಟ್ಟು ಭೇದಿ. ಹಳಸಿದ್ದು ತಿಂದದ್ದಕ್ಕೆ ಎಂದುಕೊಂಡಿದ್ದರು. ರಾತ್ರಿ ನಿದ್ದೆಯಿಲ್ಲ, ಮಾತುಮಾತಿಗೆ ಸಿಟ್ಟು, ಇಟ್ಟ ವಸ್ತುವಿನ ಮರೆವು. ಮನೆಯ ಚಿಂತೆ ಎಂದುಕೊಂಡಿದ್ದರು. ನಾಲಿಗೆ ಕೆಂಪಗೆ ನುಣ್ಣಗಾಗಿ ಖಾರ ತಾಗಿದರೆ ಉರಿಯುತ್ತಿತ್ತು. ಬಿಸಿಲು ತಾಗಿದಲ್ಲೆಲ್ಲ ಚರ್ಮದ ಕಪ್ಪು, ಭೇದಿ, ಮನಸ್ಸಿನ ಕಳವಳ: ಈ ಮೂರೂ ಒಟ್ಟಿಗೆ ಬಂದರೆ ಅದು ಪೆಲಾಗ್ರ, ಅಂದರೆ ನಯಾಸಿನ್ ಎಂಬ ಬಿ3 ಜೀವಸತ್ವದ ಕೊರತೆ. ಕೊರಳ ಸುತ್ತಲಿನ ಆ ಪಟ್ಟಿಗೆ ಇಂದಿಗೂ ಕಾಸಾಲ್‌ನ ಹಾರ ಎಂದೇ ಹೆಸರು. ಗಾಸ್ಪರ್ ಕಾಸಾಲ್ ಎಂಬ ಸ್ಪೇನಿನ ವೈದ್ಯ 1735ರಲ್ಲಿ, ಮೆಕ್ಕೆಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡ ರೈತರಲ್ಲಿ ಇದನ್ನು ಗುರುತಿಸಿದ್ದ.

ತಟ್ಟೆಯಲ್ಲಿ ಏನಿತ್ತು

ಇಲ್ಲಿಂದ ಪ್ರಕರಣ ನನ್ನ ಬಳಿಗೆ ಬಂತು. ಊಟ ಏನೆಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು "ಎಲ್ಲರಂತೆ ರೊಟ್ಟಿ, ಪಲ್ಯ" ಎಂದು ಮುಗಿಸುತ್ತಾರೆ. ಹೊತ್ತುಹೊತ್ತಿಗೆ, ನಿನ್ನೆಯದು, ಮೊನ್ನೆಯದು ಎಂದು ಬಿಡಿಸಿ ಕೇಳಬೇಕು. ಬೆಳಿಗ್ಗೆ ಚಹಾ. ಕೆಲಸದ ಜಾಗದಲ್ಲಿ ಎರಡು ಜೋಳದ ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ. ರಾತ್ರಿ ಪಡಿತರದ ಅಕ್ಕಿಯ ಅನ್ನ, ನೀರಾದ ಸಾರು. ಗಂಡನಿಗೆ ಪೌಷ್ಟಿಕ ಆಹಾರ ಬೇಕೆಂದು ವೈದ್ಯರು ಹೇಳಿದ್ದರಿಂದ ಮನೆಗೆ ಬಂದ ಮೊಟ್ಟೆ, ಹಾಲು, ಗಟ್ಟಿ ಬೇಳೆ ಎಲ್ಲ ಆತನ ತಟ್ಟೆಗೆ ಹೋಗುತ್ತಿದ್ದವು. ಉಳಿದದ್ದು ಸಣ್ಣ ಮಗನಿಗೆ. ನಾಲಿಗೆ ಉರಿಯಲು ಶುರುವಾದ ಮೇಲೆ ರೊಟ್ಟಿಯೂ ಎರಡರಿಂದ ಒಂದಕ್ಕೆ ಇಳಿದಿತ್ತು. ತೂಕ 41 ಕಿಲೊ.

ಶೇಂಗಾ ಚಟ್ನಿ ಯಾಕಿಲ್ಲ ಎಂದು ಕೇಳಿದೆ. ಶೇಂಗಾ ತುಟ್ಟಿಯಾಗಿದೆ, ಮೇಲಾಗಿ ಪಿತ್ತ ಎಂದರು.

ಇಲ್ಲಿ ಜೋಳದ ಬಗ್ಗೆ ಒಂದು ಮಾತು ಹೇಳಲೇಬೇಕು. 1960ರಲ್ಲಿ ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಪೆಲಾಗ್ರ ಮೆಕ್ಕೆಜೋಳ ತಿನ್ನುವವರಿಗಷ್ಟೇ ಸೀಮಿತವಲ್ಲ, ದಖ್ಖನ್ನಿನ ಜೋಳ ತಿನ್ನುವ ಬಡವರಲ್ಲೂ ಇದೆ ಎಂದು ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಅದು ದೇಹ ನಯಾಸಿನ್ ತಯಾರಿಸಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಈ ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಮೂಡಲಿಲ್ಲ. ಆದರೆ ಜೋಳ ಮತ್ತು ಖಾರದ ಮೇಲೆಯೇ ಬದುಕಿದ ಕೂಲಿಗಳಲ್ಲಿ ರೋಗ ಕಂಡದ್ದು ನಿಜ. ಇದನ್ನು ಓದಿ ಯಾರೂ ರೊಟ್ಟಿ ಬಿಡಬಾರದು. ರೊಟ್ಟಿಯ ಜೊತೆ ಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು ಇರುವ ನಮ್ಮ ಊಟ ಯಾವ ದೇಶದ ಊಟಕ್ಕೂ ಕಡಿಮೆಯದಲ್ಲ. ಬಡತನ ಒಂದೊಂದಾಗಿ ಆ ಜೊತೆಯವನ್ನು ಕಿತ್ತುಕೊಂಡು ರೊಟ್ಟಿಯನ್ನು ಒಂಟಿಯಾಗಿ ಬಿಟ್ಟಾಗ ಕೇಡು ಶುರುವಾಗುತ್ತದೆ.

ದೇಹಕ್ಕೆ ನಯಾಸಿನ್ ಎರಡು ದಾರಿಯಲ್ಲಿ ಸಿಗುತ್ತದೆ. ಶೇಂಗಾ, ಮಾಂಸ, ಮೀನು, ಕಾಳುಗಳಲ್ಲಿ ನೇರವಾಗಿ ಇದೆ. ಇನ್ನೊಂದು, ಹಾಲು, ಮೊಟ್ಟೆ, ಬೇಳೆಯ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್. ಅದರ ಸುಮಾರು 60 ಮಿಲಿಗ್ರಾಂನಿಂದ ದೇಹ 1 ಮಿಲಿಗ್ರಾಂ ನಯಾಸಿನ್ ಮಾಡಿಕೊಳ್ಳುತ್ತದೆ. ಈ ತಯಾರಿಕೆಗೆ ಬಿ6 ಬೇಕೇ ಬೇಕು. ಐಸೋನಿಯಾಜಿಡ್ ಬಿ6 ಅನ್ನು ಕುಗ್ಗಿಸುತ್ತದೆ. ಮೊದಲ ದಾರಿಯನ್ನು ಬಡತನ ಮುಚ್ಚಿತ್ತು. ಎರಡನೆಯ ದಾರಿಗೆ ಬೇಕಾದ ಸಾಮಗ್ರಿ ಗಂಡನ ತಟ್ಟೆಯಲ್ಲಿತ್ತು, ಸಹಾಯಕ್ಕಿದ್ದ ಸಣ್ಣ ಮಾತ್ರೆ ಗೂಡಿನಲ್ಲಿ ಉಳಿದಿತ್ತು.

ಇದಕ್ಕೂ ಬಿಸಿಲಿಗೂ ಏನು ನಂಟು? ಬಿಸಿಲಿನ ನೇರಳಾತೀತ ಕಿರಣ ಚರ್ಮದ ಜೀವಕೋಶಗಳ ಡಿಎನ್ಎಗೆ ಪ್ರತಿದಿನ ಪೆಟ್ಟು ಕೊಡುತ್ತದೆ. ನನಗೂ, ನಿಮಗೂ, ಹೊರಗೆ ಹೆಜ್ಜೆ ಇಟ್ಟ ಎಲ್ಲರಿಗೂ. ಜೀವಕೋಶ ಆ ಪೆಟ್ಟನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿಗೆ ಬೇಕಾದ ಶಕ್ತಿಯೂ ಸಾಮಗ್ರಿಯೂ ನಯಾಸಿನ್‌ನಿಂದ ತಯಾರಾಗುವ ಎನ್ಎಡಿ ಎಂಬ ವಸ್ತುವನ್ನು ಅವಲಂಬಿಸಿವೆ. ಅದು ಬತ್ತಿದಾಗ ಪೆಟ್ಟು ಬೀಳುತ್ತಲೇ ಇರುತ್ತದೆ, ರಿಪೇರಿ ನಿಂತಿರುತ್ತದೆ. ಕೆರೆಯಲ್ಲಿ ಜೊತೆಗೆ ದುಡಿದವರ ಚರ್ಮ ತಡೆದುಕೊಂಡದ್ದನ್ನು ಈಕೆಯ ಚರ್ಮ ತಡೆಯಲಾರದೆ ಹೋದದ್ದು ಹೀಗೆ.

ಚಿಕಿತ್ಸೆ

ವೈದ್ಯರು ನಯಾಸಿನ್ನಿನದೇ ಒಂದು ರೂಪವಾದ ನಿಕೊಟಿನಮೈಡ್ ಅನ್ನು ದಿನಕ್ಕೆ 300 ಮಿಲಿಗ್ರಾಂನಂತೆ ಮೂರು ಭಾಗ ಮಾಡಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಪ್ರಮಾಣವೂ ಅಷ್ಟೇ, ಮೂರರಿಂದ ನಾಲ್ಕು ವಾರ. ಜೊತೆಗೆ ಉಳಿದ ಬಿ ಜೀವಸತ್ವಗಳು ಮತ್ತು ಬಿ6. ಐಸೋನಿಯಾಜಿಡ್ ಅನ್ನು ಮುಂದುವರಿಸುವ ತೀರ್ಮಾನವನ್ನು ಕ್ಷಯ ವಿಭಾಗದ ವೈದ್ಯರೇ ತೆಗೆದುಕೊಂಡರು. ಅದನ್ನು ಯಾರೂ ತಾವಾಗಿಯೇ ಬಿಡತಕ್ಕದ್ದಲ್ಲ.

ಊಟದ ಪಟ್ಟಿ ಬರೆಯುವಾಗ ಕೊಳ್ಳಲಾಗದ್ದನ್ನು ಬರೆದರೆ ಅದು ಬರೀ ಕಾಗದ. ಶೇಂಗಾದಿಂದಲೇ ಶುರು ಮಾಡಿದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂನಿಂದ ಮೂರೂವರೆ ಮಿಲಿಗ್ರಾಂನಷ್ಟು ಸಿಗುತ್ತದೆ. ನಾಲಿಗೆ ಉರಿಯುವಷ್ಟು ದಿನ ಖಾರ ಹಾಕದೆ ಶೇಂಗಾ ಪುಡಿಗೆ ಬೆಲ್ಲ ಬೆರೆಸಿ ತಿನ್ನಲು ಹೇಳಿದೆ. ದಿನಕ್ಕೊಂದು ಮೊಟ್ಟೆ. ಸಾರಿನ ಮೇಲಿನ ತಿಳಿಯ ಬದಲು ತಳದ ಬೇಳೆ. ಪಿತ್ತದ ಭಯವನ್ನು ಮಾತಿನಿಂದ ಓಡಿಸಲಾಗುವುದಿಲ್ಲ. ಊಟದ ಜೊತೆಗೆ ತಿಂದರೆ ತೊಂದರೆ ಆಗುತ್ತದೆಯೋ ನೋಡಿ ಎಂದೆ, ಆಗಲಿಲ್ಲ. ಗಂಡನನ್ನೂ ಕೂಡಿಸಿಕೊಂಡು ಮಾತಾಡಿದೆ. "ನನಗೆ ಕೊಟ್ಟು ಆಕೆ ಉಪವಾಸ ಇದ್ದದ್ದು ನನಗೆ ಗೊತ್ತೇ ಆಗಲಿಲ್ಲ" ಎಂದು ಆತ ತಲೆ ತಗ್ಗಿಸಿದರು. ಅಂದಿನಿಂದ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಉಣ್ಣತೊಡಗಿದರು. ನಾನು ಬರೆದ ಪಟ್ಟಿಗಿಂತ ಇದರಿಂದಲೇ ಹೆಚ್ಚು ಉಪಕಾರವಾಯಿತೆಂದು ನನ್ನ ನಂಬಿಕೆ.

ನಾಲಿಗೆಯ ಉರಿ ಮತ್ತು ಭೇದಿ ಕೆಲವೇ ದಿನಗಳಲ್ಲಿ ನಿಂತವು, ನಿದ್ದೆ ಮರಳಿತು. ಪೆಲಾಗ್ರವನ್ನು ಖಚಿತಪಡಿಸುವುದೂ ಹೀಗೆಯೇ, ಜೀವಸತ್ವ ಕೊಟ್ಟೊಡನೆ ದೇಹ ಓಗೊಡುವ ವೇಗದಿಂದ. ಚರ್ಮಕ್ಕೆ ವಾರಗಳೇ ಬೇಕಾದವು.

ಮಗಳ ಪ್ರಶ್ನೆ

ಅವ್ವ ಚೇತರಿಸಿಕೊಳ್ಳುತ್ತಿದ್ದಂತೆ ಮಗಳು ಕೇಳಿದಳು: "ಹಾಗಾದರೆ ಟೊಮ್ಯಾಟೊ ತಿಂದರೆ ಬಿಸಿಲು ಸುಡುವುದಿಲ್ಲ ಎನ್ನುವುದು ಪೂರ್ತಿ ಸುಳ್ಳೇ ಮೇಡಂ?"

ಪೂರ್ತಿ ಸುಳ್ಳಲ್ಲ. ಆ ಮಾತಿನ ಹಿಂದೆ ಒಂದು ಒಳ್ಳೆಯ ಪ್ರಯೋಗವೇ ಇದೆ. 2001ರಲ್ಲಿ ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ ವಿಲ್ಹೆಲ್ಮ್ ಸ್ಟಾಲ್ ಮತ್ತು ಅವರ ಜೊತೆಗಾರರು ಕೆಲವರಿಗೆ ದಿನಕ್ಕೆ 40 ಗ್ರಾಂ ಟೊಮ್ಯಾಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆಯೊಂದಿಗೆ ತಿನ್ನಿಸಿದರು, ಉಳಿದವರಿಗೆ ಬರೀ ಎಣ್ಣೆ. ಚರ್ಮದ ಮೇಲೆ ಬಿಸಿಲನ್ನು ಹೋಲುವ ಕೃತಕ ಬೆಳಕು ಬಿಟ್ಟು ಕೆಂಪಾಗುವುದನ್ನು ಅಳೆದರು. ನಾಲ್ಕನೇ ವಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹತ್ತನೇ ವಾರಕ್ಕೆ ಪೇಸ್ಟ್ ತಿಂದವರ ಚರ್ಮ ಸುಮಾರು ಶೇ. 40ರಷ್ಟು ಕಡಿಮೆ ಕೆಂಪಾಯಿತು. ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಚರ್ಮದಲ್ಲಿ ಸೇರಿಕೊಂಡು, ಬಿಸಿಲಿನಿಂದ ಹುಟ್ಟುವ ವಿನಾಶಕಾರಿ ಆಮ್ಲಜನಕದ ಕಣಗಳನ್ನು ತಣಿಸುತ್ತದೆ. ಬ್ರಿಟನ್ನಿನಲ್ಲಿ 20 ಮಹಿಳೆಯರ ಮೇಲೆ 12 ವಾರ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇಂಥದೇ ಫಲ ಕಂಡಿತು.

ಇಷ್ಟು ಹೇಳಿದ ಮೇಲೆ ಅದನ್ನು ದೇವದುರ್ಗದ ಅಡುಗೆಮನೆಗೆ ತಂದು ಲೆಕ್ಕ ಹಾಕಿದೆವು. ಆ 40 ಗ್ರಾಂ ಪೇಸ್ಟಿನಲ್ಲಿದ್ದ ಲೈಕೋಪಿನ್ ಸುಮಾರು 16 ಮಿಲಿಗ್ರಾಂ. ತಾಜಾ ಹಣ್ಣಿನಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 3 ಮಿಲಿಗ್ರಾಂ ಎಂದುಕೊಂಡರೆ ದಿನಕ್ಕೆ ಅರ್ಧ ಕಿಲೊ ಬೇಕು. ಹತ್ತು ವಾರಕ್ಕೆ ಒಬ್ಬರಿಗೇ 35 ಕಿಲೊ. ಏಪ್ರಿಲಿನ ಬಿಸಿಲಿಗೆ ಸಿದ್ಧವಾಗಲು ಜನವರಿ ಕೊನೆಯಿಂದಲೇ ತಿನ್ನಬೇಕು. ಹಸಿಯಾಗಿ ತಿಂದರೆ ಲೈಕೋಪಿನ್ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಎಣ್ಣೆಯಲ್ಲಿ ಬಾಡಿಸಿ ಗೊಜ್ಜು, ಚಟ್ನಿ ಮಾಡಿದರೆ ಚೆನ್ನಾಗಿ ಹತ್ತುತ್ತದೆ. ಇಷ್ಟೆಲ್ಲ ಮಾಡಿದರೂ ಸಿಗುವುದು ಅಲ್ಪ ರಕ್ಷಣೆ. ಎಸ್‌ಪಿಎಫ್ 30ರ ಬಿಸಿಲು ತಡೆಯುವ ಕ್ರೀಮನ್ನು ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು ತಡೆಯುತ್ತದೆ, ಟೊಮ್ಯಾಟೊ ಅದರ ಹತ್ತಿರಕ್ಕೂ ಬರುವುದಿಲ್ಲ. ಆ ಪ್ರಯೋಗಗಳಲ್ಲಿದ್ದವರು ಬೆಳ್ಳಗಿನ ಚರ್ಮದ ಯುರೋಪಿಯನ್ನರು, ಅದೂ ಕೆಲವೇ ಮಂದಿ ಎಂಬುದನ್ನೂ ಮರೆಯಬಾರದು. ಟೊಮ್ಯಾಟೊ ಗೊಜ್ಜು ಮಾಡಿ ಉಣ್ಣಿ, ಅದು ಒಳ್ಳೆಯದೇ. ಅದನ್ನು ನಂಬಿ ನಡುಮಧ್ಯಾಹ್ನ ಬರಿಗೈಯಲ್ಲಿ ಬಿಸಿಲಿಗೆ ಇಳಿಯಬೇಡಿ.

ಕ್ಯಾಪ್ಸೂಲ್ ಡಬ್ಬಿಯ ವಿಷಯದಲ್ಲಿ ನಾನು ಕಠಿಣವಾಗಿಯೇ ಮಾತಾಡಿದೆ. ಬೀಟಾ ಕ್ಯಾರೊಟಿನ್‌ನಿಂದಲೂ ಬಿಸಿಲಿನ ಸುಡುವಿಕೆ ಸ್ವಲ್ಪ ತಗ್ಗುತ್ತದೆ, ಅದಕ್ಕೂ ಕನಿಷ್ಠ ಹತ್ತು ವಾರ ಬೇಕು. ಆದರೆ ಆ ಮನೆಯಲ್ಲಿ ಬೀಡಿ ಸೇದುವ ತಂದೆ ಇದ್ದರು, "ಅಪ್ಪನಿಗೂ ಶಕ್ತಿ ಬರಲಿ" ಎಂದು ಮಗಳು ಅವರಿಗೂ ಕೊಡುತ್ತಿದ್ದಳು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಅಧ್ಯಯನವನ್ನು ಹಾನಿ ಕಂಡು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಗಜ್ಜರಿ, ನುಗ್ಗೆಸೊಪ್ಪು, ಮೆಂತ್ಯೆಪಲ್ಯ, ಪಪ್ಪಾಯಿಯಿಂದ ಬರುವ ಕ್ಯಾರೊಟಿನ್‌ಗೆ ಈ ಭಯ ಇಲ್ಲ. ಡಬ್ಬಿ ಅಂದೇ ಮನೆಯಿಂದ ಹೊರಹೋಯಿತು.

ನಿಂಬೆರಸವನ್ನು ಮೊದಲ ದಿನವೇ ನಿಲ್ಲಿಸಿದ್ದೆವು. ನಮ್ಮ ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಫ್ಯುರೊಕೌಮರಿನ್‌ಗಳು ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲವು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಖಕ್ಕೆ ನಿಂಬೆ ಹಚ್ಚಿಕೊಂಡು ಬಸ್ಸಿಗೆ ಕಾಯುವ ಹುಡುಗಿಯರಿಗೆಲ್ಲ ಇದನ್ನು ಯಾರಾದರೂ ಹೇಳಬೇಕು.

ನಿಕೊಟಿನಮೈಡ್ ಬಗ್ಗೆಯೂ ಆಕೆ ಕೇಳಿದಳು: ಅವ್ವನಿಗೆ ಇಷ್ಟು ಗುಣ ಕೊಟ್ಟದ್ದನ್ನು ತಾನೂ ನುಂಗಿದರೆ ಬಿಸಿಲು ತಾಗುವುದಿಲ್ಲವೇ? ಆಸ್ಟ್ರೇಲಿಯಾದಲ್ಲಿ ಈಗಾಗಲೇ ಚರ್ಮದ ಕ್ಯಾನ್ಸರ್ ಬಂದಿದ್ದ 386 ಮಂದಿಗೆ ದಿನಕ್ಕೆ ಎರಡು ಸಲ 500 ಮಿಲಿಗ್ರಾಂ ಕೊಟ್ಟಾಗ ಹೊಸ ಕ್ಯಾನ್ಸರ್‌ಗಳು ಶೇ. 23ರಷ್ಟು ಕಡಿಮೆಯಾದವು ಎಂದು 2015ರಲ್ಲಿ ವರದಿಯಾಯಿತು. ಗುಳಿಗೆ ನಿಲ್ಲಿಸಿದ ಮೇಲೆ ಆ ಲಾಭವೂ ನಿಂತಿತು. ಅದು ಅಂಥವರಿಗೆ, ವೈದ್ಯರ ಕಣ್ಣಳತೆಯಲ್ಲಿ ಕೊಡುವ ಔಷಧ. ದಿನವೂ ಬೇಳೆ, ಮೊಟ್ಟೆ ಉಣ್ಣುವ ಇಪ್ಪತ್ತರ ಹುಡುಗಿಗೆ ಬೇಕಾದಷ್ಟು ನಯಾಸಿನ್ ಊಟದಲ್ಲೇ ಬರುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ಹೊರಗೆ ಚೆಲ್ಲುತ್ತದೆ. ಅವ್ವನ ಕೊಡ ಬರಿದಾಗಿತ್ತು.

ಕೆಲಸದ ಹೊತ್ತು

ಚರ್ಮ ಮಾಯುವ ತನಕ ಬಿಸಿಲಿನಿಂದ ದೂರ ಇರಿ ಎಂದು ಕೂಲಿಯವರಿಗೆ ಹೇಳುವುದು ಸುಲಭ. ಒಂದು ತಿಂಗಳು ಹೇಗೋ ನೆರಳಿನ ಕೆಲಸ ಸಿಕ್ಕಿತು. ಆಮೇಲೆ? ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಕೂಲಿಯವರೂ ಮಧ್ಯಾಹ್ನ ಎರಡರ ನಂತರದ ಧಗೆಗೆ ಹೆದರಿ ಅದಕ್ಕೆ ಮೊದಲೇ ಕೆಲಸ ಮುಗಿಸಲು ನೋಡುತ್ತಾರೆ. ಧಗೆಗೆ ಅದು ಸರಿ. ಚರ್ಮ ಸುಡುವ ಕಿರಣದ ಲೆಕ್ಕ ಬೇರೆ: ಅದು ಸೂರ್ಯ ನೆತ್ತಿಯ ಮೇಲಿರುವಾಗ, ರಾಯಚೂರಿನಲ್ಲಿ ಸುಮಾರು 12.20ಕ್ಕೆ, ಅತ್ಯಂತ ತೀವ್ರ. ಮೇ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ನೇರ ತಲೆಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಆದ್ದರಿಂದ ಹನ್ನೊಂದರಿಂದ ಒಂದೂವರೆಯ ತನಕ ಮೈ ಮುಚ್ಚಿರಬೇಕು. ನೆರಳು ನಿಮಗಿಂತ ಗಿಡ್ಡವಾಗಿದೆಯೆಂದರೆ ಕಿರಣ ತೀಕ್ಷ್ಣವಾಗಿದೆ ಎಂದು ತಿಳಿಯಬೇಕು, ಗಡಿಯಾರ ಬೇಕಿಲ್ಲ.

ಗಂಡನ ಅಂಗಿ ಆಕೆಯ ತೋಳನ್ನು ಪೂರ್ತಿ ಕಾಪಾಡಿತ್ತು. ಅದೇ ದಾರಿಯಲ್ಲಿ ಮುಂದುವರಿದೆವು: ತೋಳಿನ ತುದಿಗೆ ದಟ್ಟ ನೇಯ್ಗೆಯ ಬಟ್ಟೆ ಹೊಲಿದು ಬೆರಳ ಗೆಣ್ಣು ಮುಚ್ಚುವಷ್ಟು ಉದ್ದ ಮಾಡಿಕೊಂಡರು, ಕೊರಳಿಗೆ ಟವೆಲ್, ಪಾದಕ್ಕೆ ಹಳೆಯ ಕಾಲುಚೀಲ. ಹೂಳಿನ ಕೆಲಸದಲ್ಲಿ ಬಟ್ಟೆ ನೆನೆಯುತ್ತದೆ. ನೆನೆದ ಹತ್ತಿ ಬಟ್ಟೆಯ ಮೂಲಕ ಕಿರಣ ಹೆಚ್ಚು ತೂರುತ್ತದೆ, ಹಾಗಾಗಿ ಒಣಗಿದ್ದೊಂದನ್ನು ಜೊತೆಗಿಟ್ಟುಕೊಳ್ಳಲು ಹೇಳಿದೆ. ಕ್ರೀಮ್ ಬರೆಯಲಿಲ್ಲ. ಕೈ, ಕೊರಳು, ಪಾದಕ್ಕೆ ಬೇಕಾದಷ್ಟು ಹಚ್ಚಿ, ಬೆವರು ಇಳಿದಂತೆ ಎರಡೆರಡು ಗಂಟೆಗೊಮ್ಮೆ ಮತ್ತೆ ಹಚ್ಚಲು ಆ ಕೂಲಿ ಸಾಲುವುದಿಲ್ಲ.

ಜೂನ್ ಕೊನೆಗೆ ಮತ್ತೆ ಬಂದಾಗ ಕೈಯ ಚರ್ಮ ಮೆತ್ತಗಾಗಿತ್ತು, ಕೊರಳ ಪಟ್ಟಿ ಮಾಸಿ ಅಂಚು ಮಾತ್ರ ಕಾಣುತ್ತಿತ್ತು. ತೂಕ 43 ಕಿಲೊ. ಸಣ್ಣ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು. ಆ ದಿನ ಅವರು ಒಬ್ಬರೇ ಬಂದಿರಲಿಲ್ಲ. ಅದೇ ಮನೆಯಲ್ಲಿ ಅದೇ ಮುನ್ನೆಚ್ಚರಿಕೆ ಮಾತ್ರೆ ನುಂಗುತ್ತಿದ್ದ ನೆಗೆಣ್ಣಿಯನ್ನೂ ಕರೆತಂದಿದ್ದರು, ಆಕೆಯೂ ಸಣ್ಣದನ್ನು ಬಿಟ್ಟಿದ್ದರೆಂದು. ಆಕೆಯ ಚರ್ಮದಲ್ಲಿ ಇನ್ನೂ ಏನೂ ಕಂಡಿರಲಿಲ್ಲ. ನಾಲಿಗೆ ಮಾತ್ರ ತುಸು ಕೆಂಪಾಗಿತ್ತು. ಬಿ6 ಅನ್ನು ಮತ್ತೆ ಶುರು ಮಾಡಿಸಿ, ಶೇಂಗಾ ಮತ್ತು ಬೇಳೆಯ ಅದೇ ಪಟ್ಟಿಯನ್ನು ಆಕೆಗೂ ಬರೆದುಕೊಟ್ಟೆವು.